ಏದುಸಿರು ಬಿಡುವವರು ಜಿಮ್ ಸೇರುವುದು ಹೇಗೆ?

ಸಂಜೆ ಬೆಂಗಳೂರಿನಿಂದ ಬಂದ ರೈಲಿನಿಂದ ತುಮಕೂರು ನಿಲ್ದಾಣದಲ್ಲಿ ಇಳಿದು ಮೇಲ್ಸೇತುವೆ ಹತ್ತುವವರನ್ನು ಗಮನಿಸಿದರೆ, ಅರ್ಧ ದಾರಿಯಲ್ಲಿ ಕಂಬಿ ಹಿಡಿದು ನಿಂತು ಜೇಬಿನಿಂದ ಮೊಬೈಲ್ ತೆಗೆದು ನೋಡುವ ಕೆಲವರು ಕಣ್ಣಿಗೆ ಬೀಳುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಯಾವ ಕರೆಯೂ ಬಂದಿರುವುದಿಲ್ಲ. ಉಸಿರು ಸುಧಾರಿಸಿಕೊಳ್ಳಲು ಅದೊಂದು ನೆಪ. ಎರಡು ವರ್ಷಗಳ ಹಿಂದೆ ನಾನೂ ಅವರಲ್ಲೊಬ್ಬನಾಗಿದ್ದೆ. ಎರಡು ಮಹಡಿ ಹತ್ತಿದರೆ ದಮ್ಮು ಕಟ್ಟುವ, ನೆಲದ ಮೇಲೆ ಕೂತರೆ ಕೈಯೂರದೆ ಏಳಲಾಗದ ಸ್ಥಿತಿಯಲ್ಲಿ ಜಿಮ್ ಸೇರಲು ಹೊರಟವರಿಗಾಗಿ ಈ ಬರಹ. ಇಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ: ಮೊದಲ ತಿಂಗಳು ಜಿಮ್‌ಗೆ ಹೋಗುವುದು ತೂಕ ಇಳಿಸಲಿಕ್ಕಲ್ಲ, ತೋಳು ಬೆಳೆಸಲಿಕ್ಕೂ ಅಲ್ಲ, ಹೋಗುವ ರೂಢಿ ಹಿಡಿಸಿಕೊಳ್ಳಲಿಕ್ಕೆ. ಮುಂದಿನ ಹಂತಗಳನ್ನೆಲ್ಲ ಈ ಲೆಕ್ಕದಲ್ಲಿಯೇ ಓದಿಕೊಳ್ಳಬೇಕು.

ಮೊದಲು ವೈದ್ಯರ ಬಳಿಗೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದ ಮೇಲೆ, ಜಿಮ್ ಎಂದ ಕೂಡಲೇ ಮನೆಯವರು ಗಾಬರಿಯಾಗುವುದು ನಮ್ಮ ಕಡೆ ಸಾಮಾನ್ಯವಾಗಿದೆ. ಈ ಭಯದಿಂದ ವ್ಯಾಯಾಮವನ್ನೇ ಬಿಡುವುದಕ್ಕಿಂತ, ಅದೇ ಭಯವನ್ನು ಒಂದು ತಪಾಸಣೆ ಮಾಡಿಸಿಕೊಳ್ಳಲು ಬಳಸಿಕೊಳ್ಳುವುದು ಮೇಲು. ವರ್ಷಗಟ್ಟಲೆ ಕೂತೇ ಇದ್ದ ದೇಹ ಒಮ್ಮೆಲೇ ಅತಿಯಾದ ಶ್ರಮಕ್ಕಿಳಿದಾಗ ಹೃದಯಕ್ಕೆ ಅಪಾಯ ಹೆಚ್ಚಿರುತ್ತದೆ. ನಿಧಾನವಾಗಿ ರೂಢಿಯಾದಂತೆ ಆ ಅಪಾಯ ಇಳಿಯುತ್ತಾ ಹೋಗುತ್ತದೆ.

ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ನಡೆಯುವಾಗ ಎದೆಯಲ್ಲಿ ಬಿಗಿತ ಬರುವವರು, ತಲೆ ಸುತ್ತಿ ಬಿದ್ದ ಅನುಭವವಿರುವವರು, ತಂದೆ ಅಥವಾ ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿರುವವರು, ಬೀಡಿ ಸಿಗರೇಟು ಸೇದುವವರು ವೈದ್ಯರನ್ನು ಕಾಣದೆ ಜಿಮ್ ಮೆಟ್ಟಿಲು ಹತ್ತಬಾರದು. ನಲವತ್ತು ದಾಟಿದವರು ಯಾವ ತೊಂದರೆ ಇಲ್ಲದಿದ್ದರೂ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಇದಕ್ಕೆ ದುಬಾರಿ ಪ್ಯಾಕೇಜ್ ಬೇಕಿಲ್ಲ. ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿಯೇ ಆಗುತ್ತದೆ. ಇಸಿಜಿ ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ವ್ಯಾಯಾಮದ ದಿನ ಔಷಧಿಯ ಪ್ರಮಾಣವನ್ನೇನಾದರೂ ಬದಲಿಸಬೇಕೇ ಎಂದು ತಾವಾಗಿಯೇ ಬಾಯಿಬಿಟ್ಟು ಕೇಳಬೇಕು.

ಜಿಮ್‌ಗೂ ಮುಂಚೆ ಎರಡು ವಾರ ನಡಿಗೆ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಜಿಮ್‌ಗೆ ದುಡ್ಡು ಕಟ್ಟುವ ಮೊದಲು ಎರಡು ವಾರ ದಿನಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ನಡೆಯಬೇಕು. ತುಮಕೂರಿನ ಅಮಾನಿಕೆರೆಯ ದಂಡೆಯಾದರೂ ಸರಿ, ನಿಮ್ಮ ಬಡಾವಣೆಯ ಉದ್ಯಾನವಾದರೂ ಸರಿ. ವೇಗ ಎಷ್ಟಿರಬೇಕೆಂದು ತಿಳಿಯಲು ಕೈಗೆ ಕಟ್ಟುವ ಸ್ಮಾರ್ಟ್‌ವಾಚ್ ಬೇಡ: ಪಕ್ಕದವರೊಂದಿಗೆ ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ವೈದ್ಯರು ಮಧ್ಯಮ ಶ್ರಮ ಎನ್ನುವುದು ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಶ್ರಮವನ್ನೂ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಮೊದಲನೆಯದಕ್ಕೆ ಕೆರೆ ಏರಿಯ ಮೇಲಿನ ನಡಿಗೆ ಸಾಕು. ಎರಡನೆಯದಕ್ಕೆ ಜಿಮ್ ಅನುಕೂಲ. ಈ ಎರಡು ವಾರ ನಡೆಯಲು ದಿನಕ್ಕೆ ಅರ್ಧ ಗಂಟೆ ಸಿಗದಿದ್ದರೆ ಜಿಮ್‌ಗೂ ಸಿಗುವುದಿಲ್ಲ ಎಂಬುದು ದುಡ್ಡು ಕಟ್ಟುವ ಮೊದಲೇ ಗೊತ್ತಾಗುವುದು ಇದರ ಇನ್ನೊಂದು ಲಾಭ.

ಜಿಮ್ ನೋಡುವ ಬಗೆ, ದುಡ್ಡು ಕಟ್ಟುವ ಬಗೆ

ಜಿಮ್ ಆರಿಸುವಾಗ ಯಂತ್ರಗಳ ಹೊಳಪಿಗಿಂತ ದೂರ ಮುಖ್ಯ. ಮನೆಯಿಂದಲೋ, ಕೆಲಸದಿಂದ ಮರಳುವ ದಾರಿಯಿಂದಲೋ ಹತ್ತು ಹದಿನೈದು ನಿಮಿಷದೊಳಗೆ ತಲುಪುವಂತಿರಬೇಕು. ತುಮಕೂರಿನ ಎಸ್.ಎಸ್. ಪುರದಲ್ಲಿ ಮನೆಯಿದ್ದು ದೂರದ ಕ್ಯಾತಸಂದ್ರದಲ್ಲಿ ಜಿಮ್ ಹಿಡಿದರೆ, ಮಳೆ ಬಂದ ಮೊದಲ ಸಂಜೆಯೇ ಕಾಲು ಹಿಂದೆ ಬೀಳುತ್ತದೆ. ನೀವು ಯಾವ ಹೊತ್ತಿಗೆ ಹೋಗುವಿರೋ ಅದೇ ಹೊತ್ತಿಗೆ ಒಮ್ಮೆ ಹೋಗಿ ನೋಡಬೇಕು. ಮಧ್ಯಾಹ್ನ ಖಾಲಿಯಾಗಿ ಕಂಡ ಜಿಮ್ ಸಂಜೆ ಏಳಕ್ಕೆ ಸಂತೆಯಾಗಿರಬಹುದು. ಗಾಳಿ ಬೆಳಕು, ಶೌಚಾಲಯ, ಬಳಸಿದ ಡಂಬಲ್‌ಗಳನ್ನು ಮತ್ತೆ ಜಾಗದಲ್ಲಿಡುವ ಶಿಸ್ತು ಇವೆಯೇ ಎಂದು ನೋಡಿ. ಮಹಿಳೆಯರು ತಮಗೆ ಪ್ರತ್ಯೇಕ ಸಮಯವಿದೆಯೇ, ಮಹಿಳಾ ಟ್ರೈನರ್ ಇದ್ದಾರೆಯೇ ಎಂದು ಮೊದಲೇ ವಿಚಾರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಟ್ರೈನರ್ ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ನೇರವಾಗಿ ಪ್ಯಾಕೇಜ್‌ಗೆ ಬರುವವರಿಂದ ದೂರವಿರುವುದು ಲೇಸು.

ದುಡ್ಡಿನ ವಿಷಯದಲ್ಲಿ ನನ್ನ ಪೆದ್ದುತನವನ್ನು ಹೇಳಿಕೊಳ್ಳಲೇಬೇಕು. ಮೊದಲ ಸಲ ನಾನು ಯುಗಾದಿ ಆಫರ್ ಎಂದು ನಂಬಿ, ಇಡೀ ವರ್ಷದ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಿದೆ. ಹೋಗಿದ್ದು ಕೆಲವೇ ದಿನ. ಹಣ ಮರಳಿ ಕೇಳಿದಾಗ ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. ಅವುಗಳನ್ನು ಓದಲು ಕನ್ನಡಕ ಹಾಕಿಕೊಳ್ಳಬೇಕಾಯಿತು. ಆದ್ದರಿಂದ ತಿಂಗಳಿಗೆ ಸ್ವಲ್ಪ ಹೆಚ್ಚೆನಿಸಿದರೂ ಮೊದಲ ತಿಂಗಳು ಒಂದೇ ತಿಂಗಳಿನ ಶುಲ್ಕ ಕಟ್ಟಿ. ಒಂದು ದಿನ ಉಚಿತವಾಗಿ ಮಾಡಿ ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಊರಿಗೆ ಹೋದ ದಿನಗಳನ್ನು ಮುಂದಕ್ಕೆ ಹಾಕುತ್ತಾರೆಯೇ, ಬಿಟ್ಟರೆ ಹಣ ಮರಳುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ರಸೀದಿ ಜೋಪಾನ ಮಾಡಿ. ಜಿಮ್ ಸೇವೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5 ಆಗಿರುವುದರಿಂದ, ಬಿಲ್‌ನಲ್ಲಿ ಹಳೆಯ ದರವೇ ಇದ್ದರೆ ಪ್ರಶ್ನಿಸಬಹುದು. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ಮೊದಲ ದಿನ

ಹೊಸ ಬಟ್ಟೆ ಕೊಳ್ಳಬೇಕಿಲ್ಲ. ಬೆವರು ಹೀರುವ ಸಡಿಲ ಅಂಗಿ, ಮಂಡಿ ಮಡಚಲು ಬರುವ ಪ್ಯಾಂಟು ಸಾಕು. ಶೂ ಮಾತ್ರ ಜಿಮ್‌ಗೆಂದೇ ಬೇರೆ ಇರಲಿ, ಏಕೆಂದರೆ ಬೀದಿಯ ಮಣ್ಣು ಮೆತ್ತಿದ ಶೂಗಳನ್ನು ಬಹಳಷ್ಟು ಕಡೆ ಒಳಗೆ ಬಿಡುವುದಿಲ್ಲ. ಬೆಂಚಿನ ಮೇಲೆ ಹಾಸಲು ಒಂದು ಟವೆಲ್, ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ. ರಕ್ತದ ಸಕ್ಕರೆ ತೀರಾ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ನಾಲ್ಕು ಸಕ್ಕರೆ ಮಿಠಾಯಿ ಅಥವಾ ಒಂದು ಬೆಲ್ಲದ ಉಂಡೆ ಇರಬೇಕು. ಹೊಟ್ಟೆ ತುಂಬ ಊಟ ಮಾಡಿದ ಮೇಲೆ ಎರಡು ಗಂಟೆಯಾದರೂ ಬಿಡಬೇಕು. ಬೆಳಗಿನ ಹೊತ್ತು ತೀರಾ ಖಾಲಿ ಹೊಟ್ಟೆಯಲ್ಲಿ ಹೋಗುವ ಬದಲು ಒಂದು ಬಾಳೆಹಣ್ಣು ತಿಂದು ಹೋಗಿ. ತಟ್ಟೆ ಇಡ್ಲಿಯನ್ನು ವಾಪಸು ಬರುವಾಗ ನೋಡಿಕೊಳ್ಳಬಹುದು.

ಒಳಗೆ ಹೋದ ಕೂಡಲೇ ಟ್ರೈನರ್ ಬಳಿ ಸಂಕೋಚವಿಲ್ಲದೆ ಎಲ್ಲವನ್ನೂ ಹೇಳಿಬಿಡಬೇಕು. "ಸರ್, ಇಪ್ಪತ್ತು ವರ್ಷದಿಂದ ಮೈ ಬಗ್ಗಿಸಿಲ್ಲ, ಬಿ.ಪಿ. ಮಾತ್ರೆ ತಗೊಳ್ತೀನಿ, ಎಡ ಮಂಡಿ ನೋಯುತ್ತೆ, ಮೊದಲ ತಿಂಗಳು ನಿಧಾನಕ್ಕೆ ಹೋಗೋಣ" ಎಂಬಷ್ಟು ಹೇಳಿದರೆ ಸಾಕು. ವಯಸ್ಸಿನಲ್ಲಿ ನಮಗಿಂತ ಚಿಕ್ಕ ಹುಡುಗನಾದರೂ ಒಳ್ಳೆಯ ಟ್ರೈನರ್ ಈ ಮಾತಿನಿಂದ ತನ್ನ ಪಾಠವನ್ನೇ ಬದಲಿಸಿಕೊಳ್ಳುತ್ತಾನೆ.

ನಾನು ಅದನ್ನು ಹೇಳಿರಲಿಲ್ಲ. ಮೊದಲ ದಿನ ಬಸ್ಕಿ ಹೊಡೆಯಲು ಹೇಳಿದರು. ಶಾಲೆಯಲ್ಲಿ ಶಿಕ್ಷೆಗೆಂದು ಹೊಡೆದ ಬಸ್ಕಿಗಳ ನೆನಪಿನ ಬಲದಲ್ಲಿ ಇಪ್ಪತ್ತಾದವು, ನಲವತ್ತಾದವು. "ಅಣ್ಣಾ, ಇನ್ನೊಂದು ಹತ್ತು ಹೊಡೀರಿ" ಎಂದಾಗ ಸುತ್ತಲಿದ್ದವರ ಎದುರು ಆಗುವುದಿಲ್ಲ ಎನ್ನಲು ನಾಚಿಕೆಯಾಗಿ ಅವನ್ನೂ ಹೊಡೆದೆ. ಅಂದು ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಶೌಚಾಲಯದಲ್ಲಿ ಕೂತವನಿಗೆ ಏಳಲಾಗಲಿಲ್ಲ. ನಲ್ಲಿಯನ್ನು ಹಿಡಿದು ಎದ್ದೆ. ಮೂರನೆಯ ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಆ ವಾರ ಜಿಮ್‌ಗೆ ರಜೆ, ಮುಂದಿನ ವಾರಕ್ಕೆ ನೆಪ ತಾನಾಗಿಯೇ ಸಿಕ್ಕಿತು.

ಮೊದಲ ತಿಂಗಳ ಕ್ರಮ

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ದಿನಕ್ಕೆ ನಲವತ್ತು ನಿಮಿಷ. ಇದಕ್ಕಿಂತ ಹೆಚ್ಚು ಬೇಡ. ಮೊದಲ ಎಂಟು ಹತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ ನಡಿಗೆ ಅಥವಾ ಸೈಕಲ್, ಆಮೇಲೆ ತೋಳು, ಸೊಂಟ, ಮಂಡಿಗಳನ್ನು ಮೆಲ್ಲಗೆ ಆಡಿಸುವುದು. ಟ್ರೆಡ್‌ಮಿಲ್ ಹತ್ತುವ ಮೊದಲು ಅದರ ಸುರಕ್ಷತಾ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳುವುದನ್ನು ಮರೆಯಬಾರದು. ಓಡುವಾಗ ಕರೆಂಟ್ ಹೋದರೆ ಪಟ್ಟಿ ತಟ್ಟನೆ ನಿಲ್ಲುತ್ತದೆ ಎಂಬುದನ್ನೂ ನೆನಪಿಟ್ಟುಕೊಂಡು, ಹಿಡಿಕೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇರಬೇಕು.

ಅದರ ನಂತರ ಐದಾರು ವ್ಯಾಯಾಮ ಸಾಕು. ಕುರ್ಚಿಯಿಂದ ಎದ್ದು ಕೂರುವುದು ಅಥವಾ ಕಾಲಿನಿಂದ ತೂಕ ತಳ್ಳುವ ಲೆಗ್ ಪ್ರೆಸ್ ತೊಡೆಗೆ. ಗೋಡೆಗೆ ಕೈಯೂರಿ ಹೊಡೆಯುವ ದಂಡ ಅಥವಾ ಕೂತು ಹಿಡಿಕೆಗಳನ್ನು ಮುಂದಕ್ಕೆ ತಳ್ಳುವ ಚೆಸ್ಟ್ ಪ್ರೆಸ್ ಯಂತ್ರ ಎದೆಗೆ. ಮೇಲಿನಿಂದ ಸರಳನ್ನು ಎಳೆಯುವ ಲ್ಯಾಟ್ ಪುಲ್‌ಡೌನ್ ಬೆನ್ನಿಗೆ. ಹಗುರ ಡಂಬಲ್ ಭುಜಕ್ಕೆ. ಹೊಟ್ಟೆ ಮತ್ತು ಸೊಂಟಕ್ಕೆ ಹತ್ತಿಪ್ಪತ್ತು ಸೆಕೆಂಡಿನ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದು ನಿಲ್ಲಿಸುವುದು. ಹೊಸಬರಿಗೆ ಉದ್ದ ಸರಳಿಗೆ ತೂಕ ಸಿಕ್ಕಿಸಿದ ಬಾರ್‌ಬೆಲ್‌ಗಿಂತ ಯಂತ್ರಗಳು ಸುಲಭ, ಏಕೆಂದರೆ ತೂಕ ಓಲಾಡದೆ ಒಂದೇ ಜಾಡಿನಲ್ಲಿ ಚಲಿಸುತ್ತದೆ. ಮೊದಲ ವಾರ ಪ್ರತಿಯೊಂದನ್ನೂ ಹತ್ತು ಹನ್ನೆರಡು ಸಲದಂತೆ ಒಂದೇ ಸೆಟ್, ಅಂದರೆ ಒಂದೇ ಸುತ್ತು, ಎರಡನೇ ವಾರದಿಂದ ಎರಡು ಸೆಟ್. ಹನ್ನೆರಡು ಮುಗಿದಾಗ ಇನ್ನೂ ಮೂರು ನಾಲ್ಕು ಮಾಡಬಹುದಿತ್ತು ಎನಿಸಬೇಕು. ಅಷ್ಟು ಹಗುರವಾದದ್ದೇ ನಿಮ್ಮ ತೂಕ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಜಿಗಿಯುವುದರಿಂದ ಬಿ.ಪಿ. ಇರುವವರು ಇದನ್ನು ವ್ರತದಂತೆ ಪಾಲಿಸಬೇಕು.

ಯಾವ ನೋವು ಸರಿ, ಯಾವುದು ಅಲ್ಲ

ಮಾಡಿದ ಮರುದಿನದಿಂದ ಮೂರನೆಯ ದಿನದವರೆಗೆ ಸ್ನಾಯುಗಳು ಹಿಡಿದುಕೊಂಡು ನೋಯುವುದು ಸಹಜ. ಎರಡೂ ಕಡೆ ಒಂದೇ ಸಮನಾಗಿ, ಮುಟ್ಟಿದರೆ ಮೈಕೈ ನೋವಿನಂತೆ ಇರುವ ಈ ನೋವಿಗೆ ಲಘು ನಡಿಗೆಯೇ ಮದ್ದು. ಕೀಲಿನಲ್ಲಿ ಚುಚ್ಚಿದಂತಾಗುವ, ಒಂದೇ ಕಡೆ ಇರುವ, ಬಾವು ಬರುವ ನೋವು ಬೇರೆ. ಅದಕ್ಕೆ ಆ ವ್ಯಾಯಾಮವನ್ನು ನಿಲ್ಲಿಸಿ ತೋರಿಸಿಕೊಳ್ಳಬೇಕು. ಅತಿಯಾಗಿ ಮಾಡಿದ ಮೇಲೆ ತಡೆಯಲಾರದ ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವ ಸೂಚನೆಯಾಗಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎದೆ, ದವಡೆ, ಎಡಗೈಗೆ ಹರಡುವ ಬಿಗಿತ, ತಣ್ಣನೆಯ ಬೆವರು, ಕಣ್ಣು ಕತ್ತಲಿಡುವುದು ಕಂಡರೆ ಇನ್ನೊಂದು ಸೆಟ್ ನೋಡೋಣ ಎನ್ನದೆ ಕೂತು, ಕೂಡಲೇ 108ಕ್ಕೆ ಕರೆ ಮಾಡಿಸಬೇಕು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಕಾಯುವುದು ಬೇಡ.

ಡಬ್ಬಿಯ ಪುಡಿ ಬೇಕೇ?

ಸೇರಿದ ವಾರದಲ್ಲೇ ಯಾರಾದರೂ ಪ್ರೋಟೀನ್ ಪುಡಿಯ ಡಬ್ಬಿಯನ್ನು ಮುಂದಿಡುವ ಸಾಧ್ಯತೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಸ್ನಾಯು ಬೆಳೆಸಲು ಇಂಥ ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 70 ಕಿಲೋ ತೂಗುವವರಿಗೆ ಸುಮಾರು 58 ಗ್ರಾಂ ಪ್ರೋಟೀನ್ ಸಾಕು. ನಮ್ಮ ಕಡೆಯ ತಟ್ಟೆಯಲ್ಲಿ ಕೊರತೆ ಇರುವುದು ಮುದ್ದೆಯಲ್ಲಲ್ಲ, ಅದರ ಪಕ್ಕದ ಸಾರಿನಲ್ಲಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ತೂಕದ ಒಣ ಹೆಸರುಕಾಳು ಅಥವಾ ಹುರುಳಿಯಲ್ಲಿ ಅದರ ಸುಮಾರು ಮೂರರಷ್ಟಿದೆ. ಆದ್ದರಿಂದ ತಿಳಿಸಾರನ್ನು ಬಿಟ್ಟು ಸೌಟು ಇಳಿದಷ್ಟೂ ಕಾಳು ಸಿಗುವ ಸಾರು ಮಾಡಿಸಿಕೊಳ್ಳಿ. ಒಂದು ಲೋಟ ಮಜ್ಜಿಗೆ ಅಥವಾ ಹಾಲು, ತಿನ್ನುವವರಿಗೆ ಎರಡು ಮೊಟ್ಟೆ ಸೇರಿದರೆ ಲೆಕ್ಕ ಬಹುಪಾಲು ತುಂಬುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ತಿಂಗಳ ಕೊನೆಯ ಲೆಕ್ಕ

ಮೊದಲ ತಿಂಗಳು ತೂಕದ ಯಂತ್ರವನ್ನು ವಾರಕ್ಕೊಮ್ಮೆಗಿಂತ ಹೆಚ್ಚು ಹತ್ತಬೇಡಿ. ಮುಳ್ಳು ಅಲುಗದಿದ್ದರೂ ಬೇಸರ ಬೇಡ. ಅದರ ಬದಲು ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೊಂದು ಗುರುತು ಹಾಕಿ. ಹನ್ನೆರಡು ದಿನಗಳಲ್ಲಿ ಒಂಬತ್ತಕ್ಕಾದರೂ ಗುರುತು ಬಿದ್ದಿದ್ದರೆ ಮೂರು ತಿಂಗಳ ಶುಲ್ಕ ಕಟ್ಟಿ, ತೂಕವನ್ನು ಒಂದೊಂದೇ ಬಿಲ್ಲೆ ಹೆಚ್ಚಿಸಿಕೊಳ್ಳಬಹುದು. ಆರಕ್ಕಿಂತ ಕಡಿಮೆ ಇದ್ದರೆ ಹೊತ್ತನ್ನೋ ಜಿಮ್ಮನ್ನೋ ಬದಲಿಸಿ ಇನ್ನೊಂದು ತಿಂಗಳು ನೋಡಿ. ನಡುವೆ ಬಿದ್ದವರು ಮತ್ತೊಂದು ತಿಂಗಳಿಗೆ ಮಾತ್ರ ಕಟ್ಟಿ, ಅದೇ ತೂಕದಲ್ಲಿ ಮುಂದುವರಿಯಿರಿ. ವಾರ್ಷಿಕ ಆಫರ್ ಇದೆ ಎಂದು ಆಗಲೂ ಯಾರಾದರೂ ಹೇಳುತ್ತಾರೆ. ಮುಂದಿನ ಯುಗಾದಿಗೆ ನೋಡೋಣ ಎಂದು ಹೇಳಿ ಬನ್ನಿ.