ಗುಳಿಬಿದ್ದ ಕೆನ್ನೆಗೆ ನಾನು ಹಿಡಿದ ನಿಧಾನದ ದಾರಿ

ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್, ಅಂದರೆ ಚುಚ್ಚಿದ ಕಡೆ ಮೈಯಿಂದಲೇ ನಿಧಾನವಾಗಿ ಕೊಲಾಜನ್ (ಚರ್ಮಕ್ಕೆ ತುಂಬಿಕೆ ಕೊಡುವ ಪ್ರೋಟೀನ್) ಬೆಳೆಸುವ ಪುಡಿ ಔಷಧ, ಅದರ ಹೆಸರೆತ್ತಿದರೆ ಮುಖ ತಿರುಗಿಸುವ ವೈದ್ಯರು ನಮ್ಮ ನಡುವೆ ಇನ್ನೂ ಇದ್ದಾರೆ. "ಅದು ಗಂಟು ಕಟ್ಟುವ ಔಷಧ, ಅದರ ಸಹವಾಸ ಬೇಡ" ಎಂದು ನನಗೆ ಬುದ್ಧಿ ಹೇಳಿದ ಹಿರಿಯರು ಒಬ್ಬಿಬ್ಬರಲ್ಲ. ಈಗ ವಯಸ್ಸಿನಿಂದ ಸೊರಗಿದ ಮುಖ ಎದುರು ಬಂದು ಕೂತರೆ ನನ್ನ ಕೈ ಮೊದಲು ಹೋಗುವುದು ಅದೇ ಔಷಧದ ವಯಲ್‌ನ (ಸಣ್ಣ ಶೀಶೆಯ) ಕಡೆಗೆ. ಎರಡು ವರ್ಷ ದಾಟಿದ ಫೋಟೋಗಳು ನನ್ನಲ್ಲಿವೆ. ಅಂದು ತಲೆ ಅಲ್ಲಾಡಿಸಿದವರಲ್ಲಿ ಕೆಲವರು ಇಂದು ತಮ್ಮ ಮನೆಯವರನ್ನೇ ನನ್ನ ಬಳಿಗೆ ಕಳಿಸುತ್ತಿದ್ದಾರೆ. ಹಾಗಾಗಿ ಬರೆದಿಡೋಣ ಅನ್ನಿಸಿತು. ಫಿಲ್ಲರ್, ಅಂದರೆ ಚುಚ್ಚಿ ಮುಖ ತುಂಬುವ ಕೆಲಸದಲ್ಲಿ ಪಳಗಿದವರಿಗಾಗಿ ಬರೆದದ್ದು ಇದು. ಯಾವ ಪದರ ಎಲ್ಲಿದೆ, ಕ್ಯಾನುಲಾ (ಮೊಂಡುತುದಿಯ ಸೂಜಿ) ಹೇಗೆ ಹಿಡಿಯಬೇಕು ಎಂಬ ಪಾಠ ಇಲ್ಲಿಲ್ಲ.

ಮೊದಲ ವರ್ಷಗಳಲ್ಲಿ ಎಲ್ಲರೂ ಮಾಡುತ್ತಿದ್ದುದು ಗೆರೆ ತುಂಬುವ ಕೆಲಸ. ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆಯನ್ನು ತೋರಿಸಿ ಜನ ಕೇಳುತ್ತಿದ್ದರು, ನಾವು ಅಲ್ಲಿಗೇ ಹಯಲುರಾನಿಕ್ ಆಸಿಡ್ ಜೆಲ್ ಹಾಕುತ್ತಿದ್ದೆವು. ಗೆರೆ ಹೋಗುತ್ತಿತ್ತು, ದಣಿದ ಕಳೆ ಹೋಗುತ್ತಿರಲಿಲ್ಲ. ಏಳೆಂಟು ತಿಂಗಳಿಗೆ ಮತ್ತೆ ಬರುತ್ತಿದ್ದರು, ಇನ್ನೊಂದು ಸಿರಿಂಜ್. ಮೂರು ವರ್ಷಕ್ಕೆ ಹತ್ತು ಹನ್ನೆರಡು ಸಿರಿಂಜ್ ಒಳಗೆ ಹೋದ ಮುಖಗಳನ್ನು ನೋಡಿದ್ದೇನೆ. ಸುಮ್ಮನಿದ್ದಾಗ ಚೆನ್ನಾಗಿಯೇ ಕಾಣುತ್ತವೆ. ನಕ್ಕರೆ ಕೆನ್ನೆಯೆಲ್ಲ ಮೇಲೆದ್ದು ಕಣ್ಣು ಸಣ್ಣದಾಗುತ್ತದೆ. ಜೆಲ್ ನೀರು ಹಿಡಿಯುವ ವಸ್ತುವಾದ್ದರಿಂದ ಬೆಳಗ್ಗೆ ಎದ್ದಾಗ ಕಣ್ಣಡಿ ಊದಿರುತ್ತದೆ. ಇಷ್ಟು ತಿಂಗಳಲ್ಲಿ ಕರಗುತ್ತದೆ ಎಂದು ಹೇಳಿಕೊಂಡ ಜೆಲ್ ವರ್ಷಗಳ ನಂತರವೂ ಎಂಆರ್‌ಐಯಲ್ಲಿ ಕಾಣಿಸಿಕೊಂಡಿದೆ. ಕರಗದೆ ಉಳಿದಿದ್ದರ ಮೇಲೇ ಮತ್ತೆ ಹಾಕುತ್ತಿದ್ದೆವು ಎಂಬುದು ಆಗ ಅರ್ಥವಾಯಿತು.

ಹಾಗೆ ನೋಡಿದರೆ ಕಾರಣ ಬಹಳ ಹಿಂದೆಯೇ ಗೊತ್ತಿತ್ತು. ಮುಖದ ಕೊಬ್ಬು ಒಂದೇ ಹಾಸಲ್ಲ, ಬೇರೆ ಬೇರೆ ಗೂಡುಗಳಲ್ಲಿ ಕೂತಿದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳಾದ ರೋರಿಚ್ ಮತ್ತು ಪೆಸ್ಸಾ 2007ರಲ್ಲೇ ತೋರಿಸಿದ್ದರು. ಕಣ್ಣುಗುಳಿ ಅಗಲವಾಗುವುದು, ಮೂಗಿನ ಬುಡದ ಮೂಳೆ ಹಿಂದೆ ಸರಿಯುವುದು, ಇವನ್ನೂ ಅದೇ ಹೊತ್ತಿಗೆ ಸ್ಕ್ಯಾನ್‌ಗಳಲ್ಲಿ ಅಳೆದು ಬರೆದರು. ಕಣತಲೆಯ ಕೊಬ್ಬು ಕರಗುತ್ತದೆ, ನಡುಕೆನ್ನೆಯ ಆಳದ ಕೊಬ್ಬು ಬತ್ತುತ್ತದೆ, ಕೆಳಗಿನ ಮೂಳೆ ಕುಗ್ಗುತ್ತದೆ, ಮೇಲಿನ ಚರ್ಮ ಜಾರಿ ಮೂಗಿನ ಪಕ್ಕ ಮಡಿಕೆಯಾಗುತ್ತದೆ. ನಷ್ಟವಾದದ್ದು ಮೇಲೆ ಮತ್ತು ಬದಿಗೆ, ನಾವು ತುಂಬುತ್ತಿದ್ದುದು ಕೆಳಗೆ ಮತ್ತು ನಡುವೆ.

ಗಂಟಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಜಗಳವೆಲ್ಲ ಅಲ್ಲಿಯೇ. ಈ ಔಷಧ ಯುರೋಪಿಗೆ ಬಂದದ್ದು 1999ರಲ್ಲಿ. ಅಮೆರಿಕದಲ್ಲಿ ಎಚ್‌ಐವಿಯವರ ಬತ್ತಿದ ಮುಖಕ್ಕೆ 2004ರಲ್ಲಿ, ಸೌಂದರ್ಯ ಚಿಕಿತ್ಸೆಗೆ 2009ರಲ್ಲಿ ಅನುಮತಿ ಸಿಕ್ಕಿತು. ಆರಂಭದಲ್ಲಿ ಒಂದು ವಯಲ್‌ಗೆ ಮೂರ್ನಾಲ್ಕು ಮಿಲಿ ನೀರು ಬೆರೆಸಿ, ಗಂಟೆ ಎರಡು ಗಂಟೆ ಇಟ್ಟು, ಎರಡು ವಾರಕ್ಕೊಮ್ಮೆ ಚುಚ್ಚುತ್ತಿದ್ದರು. ಫ್ರಾನ್ಸಿನ ಒಂದು ಮೊದಲ ಅಧ್ಯಯನದಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿಗೆ ಕೈಗೆ ಸಿಗುವ ಸಣ್ಣ ಗಂಟುಗಳಾದವು. ಹೆಸರು ಕೆಟ್ಟದ್ದು ಆಗಲೇ. ಗಂಟಾಗಿದ್ದು ಮಿಶ್ರಣ ಗಟ್ಟಿಯಾಗಿದ್ದರಿಂದ, ಪುಡಿ ಸರಿಯಾಗಿ ನೆನೆಯದೆ ಕಣಗಳು ಒಂದೆಡೆ ಗುಂಪು ಕೂಡಿದ್ದರಿಂದ, ಒಂದು ಸಲದ ಕೊಲಾಜನ್ ಹುಟ್ಟುವ ಮೊದಲೇ ಇನ್ನೊಂದು ಸಲ ಚುಚ್ಚಿದ್ದರಿಂದ. ಕಂಪನಿಯ ಸೂಚನೆಯೇ ಈಗ 8 ಮಿಲಿ ನೀರು, ಮೇಲೆ 1 ಮಿಲಿ ಲಿಡೋಕೇನ್ (ಮರಗಟ್ಟಿಸುವ ಮದ್ದು) ಅನ್ನುತ್ತದೆ. ಹಳೆಯ ಕಥೆ ಹೇಳುವವರು ಆ ಬದಲಾವಣೆಯನ್ನು ಹೇಳುವುದಿಲ್ಲ.

ನನ್ನ ಕ್ರಮ ಹೀಗಿದೆ. ಹಿಂದಿನ ಸಂಜೆಯೇ ನೀರು ಬೆರೆಸಿ, ಅಲುಗಿಸದೆ ರಾತ್ರಿಯಿಡೀ ಬಿಡುತ್ತೇನೆ. ಈಗಿನ ಸೂಚನೆಯ ಪ್ರಕಾರ ಆಗಲೇ ಕಲಸಿ ಆಗಲೇ ಚುಚ್ಚಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ: ಆಗಲೇ ಕಲಸಿದ್ದು ಸೂಜಿಯಲ್ಲಿ ಹೆಚ್ಚು ಕಟ್ಟುತ್ತದೆ, ನೆನೆದದ್ದು ಸರಾಗ ಇಳಿಯುತ್ತದೆ. ನಾನಂತೂ ನೆನೆಸುವುದನ್ನು ಬಿಡುವುದಿಲ್ಲ. ತೀರಾ ತೆಳ್ಳನೆಯ ಚರ್ಮಕ್ಕೆ ಇನ್ನೊಂದು ಮಿಲಿ ಹೆಚ್ಚು ನೀರು. ನೊರೆಯನ್ನು ಸಿರಿಂಜಿಗೆ ಎಳೆದುಕೊಳ್ಳಬಾರದು ಎಂಬುದು ಎಲ್ಲರಿಗೂ ಗೊತ್ತು. ಎಳೆದ ಮೇಲೆ ಕಣ ತಳಕ್ಕೆ ಕೂರದಂತೆ ನೋಡಿಕೊಳ್ಳಲು ನನ್ನದೊಂದು ಕೈಚಳಕವಿದೆ. ಅದನ್ನು ಪಕ್ಕದಲ್ಲಿ ನಿಂತು ಕಲಿಯಲು ಬಂದವರಿಗೆ ಮಾತ್ರ ತೋರಿಸುತ್ತೇನೆ.

ಮೊದಲು ಕಣತಲೆ, ಮೂಳೆಯ ಮೇಲೆ, ಪ್ರತಿ ಬದಿಗೆ ಒಂದು ಒಂದೂವರೆ ಮಿಲಿ. ಆಮೇಲೆ ಕೆನ್ನೆಮೂಳೆಯ ಕಮಾನು, ಮೂಗಿನ ಬುಡದ ಪಕ್ಕದ ಗುಳಿ, ಇವೂ ಆಳದಲ್ಲಿ. ಕಿವಿಯ ಮುಂದೆ ಮತ್ತು ಒಳಕೆನ್ನೆಯ ಗುಳಿಯಲ್ಲಿ ಕ್ಯಾನುಲಾದಿಂದ ಚರ್ಮದಡಿ ಬೀಸಣಿಗೆಯಾಗಿ, ತೆಳುವಾಗಿ. ಕ್ಯಾನುಲಾ 22 ಅಥವಾ 25 ಗೇಜ್ (ದಪ್ಪದ ಅಳತೆ), ಅದಕ್ಕಿಂತ ಸಣ್ಣದು ಸೂಜಿಯಷ್ಟೇ ಅಪಾಯ. ಕಿವಿಯ ಮುಂದಿನ ಭಾಗವನ್ನು ಹೆಚ್ಚಿನವರು ಮರೆಯುತ್ತಾರೆ. ಅಲ್ಲಿ ಹಿಡಿದರೆ ದವಡೆಯ ಅಂಚು ತಾನಾಗಿ ಬಿಗಿಯುತ್ತದೆ, ನಡುಮುಖಕ್ಕೆ ಬೇಕಾಗುವ ಔಷಧ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಾನು ಒಳಹೋಗುವ ಜಾಗ ಯಾವುದು ಎಂದು ಬರೆಯುವುದಿಲ್ಲ, ನೀವೇ ಹುಡುಕಿ. ಕಣ್ಣಿನ ಸುತ್ತ, ತುಟಿಯ ಸುತ್ತ ಈ ಔಷಧ ಬೇಡವೇ ಬೇಡ. ಸದಾ ಅಲುಗುವ ವೃತ್ತಸ್ನಾಯು ಕಣಗಳನ್ನು ಒಂದೆಡೆಗೆ ತಳ್ಳಿ ಗಂಟು ಕಟ್ಟಿಸುತ್ತದೆ.

ಒಂದು ಸಲಕ್ಕೆ ಒಂದು ವಯಲ್, ತೀರಾ ಸೊರಗಿದ್ದರೆ ಎರಡು. ನಡುವೆ ಆರರಿಂದ ಎಂಟು ವಾರ ಬಿಡುವು. ವಯಸ್ಸಿನ ದಶಕಕ್ಕೊಂದು ವಯಲ್ ಎಂಬ ರೂಢಿಯ ಲೆಕ್ಕವನ್ನು ನಾನು ಪಾಲಿಸುವುದಿಲ್ಲ. ಐವತ್ತೈದರ ಮುಖಕ್ಕೆ ಮೂರು ನಾಲ್ಕು ಸಾಕಾಗುತ್ತದೆ, ಬಿಡುವು ಸರಿಯಾಗಿ ಕೊಟ್ಟರೆ. ಮನೆಯಲ್ಲಿ ಐದು ನಿಮಿಷ, ದಿನಕ್ಕೆ ಐದು ಸಲ, ಐದು ದಿನ ಕೆನ್ನೆ ತಿಕ್ಕುವ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ. ಗಂಟು ನನಗೆ ಸಿಕ್ಕೇ ಇಲ್ಲ ಎನ್ನುವುದಿಲ್ಲ. ಸಿಕ್ಕಿದ್ದು ಬಹಳ ಕಡಿಮೆ, ಬೆರಳಿಗೆ ಸಿಗುವಂಥವು, ಕಣ್ಣಿಗೆ ಕಾಣದಂಥವು. ಹೆಚ್ಚಿನವು ತಾವಾಗಿ ಇಳಿದವು, ಒಂದೆರಡಕ್ಕೆ ಸಲೈನ್ (ಉಪ್ಪುನೀರು) ಚುಚ್ಚಿ ಒಡೆಯಬೇಕಾಯಿತು.

ಔಷಧಕ್ಕಿಂತ ಕಷ್ಟದ್ದು ನಡುವಿನ ಖಾಲಿ ಕಾಲ. ಚುಚ್ಚಿದ ದಿನ ನೀರಿನಿಂದ ಕೆನ್ನೆ ತುಂಬಿರುತ್ತದೆ, ಜನ ಕನ್ನಡಿ ನೋಡಿ ಹಿಗ್ಗುತ್ತಾರೆ. ಮೂರನೇ ದಿನಕ್ಕೆ ನೀರು ಇಳಿದು ಮುಖ ಮೊದಲಿನಂತೆಯೇ. "ಡಾಕ್ಟ್ರೇ, ದುಡ್ಡೆಲ್ಲ ನೀರಲ್ಲಿ ಹೋಯ್ತು" ಎಂದು ಫೋನು ಬರುತ್ತದೆ. ಕೊಲಾಜನ್ ಕಣ್ಣಿಗೆ ಕಾಣಲು ಆರು ವಾರ ಬೇಕು, ಪೂರ್ತಿ ತುಂಬಲು ಆರು ತಿಂಗಳು. ಬಿತ್ತಿದ ಮರುದಿನ ಪೈರು ನೋಡಲು ಹೋಗಬೇಡಿ ಎಂದು ಈಗ ಮೊದಲೇ ಹೇಳಿ ಬರೆಸಿಕೊಳ್ಳುತ್ತೇನೆ. ಹಿಂದೆ ಒಂದು ಸಲ ಚುಚ್ಚಿಸಿಕೊಂಡು ಕಾಲುಭಾಗದಷ್ಟು ಮಂದಿ ಹಿಂತಿರುಗುತ್ತಿರಲಿಲ್ಲ. ಹೊರಗೆ ಹೋಗಿ ಫಲ ಇಲ್ಲ ಅನ್ನುತ್ತಿದ್ದರು, ನಾನು ತರಿಸಿಟ್ಟ ವಯಲ್‌ಗಳು ಅವಧಿ ಮುಗಿಯುವ ಹಂತಕ್ಕೆ ಬರುತ್ತಿದ್ದವು. ಅವರನ್ನು ಹಿಡಿದು ನಿಲ್ಲಿಸಿದ್ದು ಫೋಟೋ. ಎದುರಿನಿಂದ ಫ್ಲ್ಯಾಶ್ ಹೊಡೆದ ಫೋಟೋದಲ್ಲಿ ಗುಳಿ ಕಾಣುವುದಿಲ್ಲ. ನೆತ್ತಿಯ ಮೇಲಿನ ಒಂದೇ ದೀಪ, ಅದೇ ಕುರ್ಚಿ, ಅದೇ ಲೆನ್ಸ್, ಗದ್ದ ಸ್ವಲ್ಪ ತಗ್ಗಿಸಿ ತೆಗೆದದ್ದರಲ್ಲಿ ನೆರಳಿನ ಆಳ ನೇರವಾಗಿ ಕಾಣುತ್ತದೆ. ಮೂರನೇ ತಿಂಗಳಿಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತೇ ಬೇಕಾಗುವುದಿಲ್ಲ.

ದುಡ್ಡಿನ ಲೆಕ್ಕ ಬಹಳ ಮಂದಿ ಕೇಳುತ್ತಾರೆ. ನಾನು ಕೊಳ್ಳುವ ದರದಲ್ಲಿ ಒಂದು ವಯಲ್ ಹೆಚ್ಚುಕಡಿಮೆ ಒಂದೂವರೆ ಸಿರಿಂಜ್ ಜೆಲ್‌ಗೆ ಸಮ. ನಾಲ್ಕು ವಯಲ್, ಜೊತೆಗೆ ಎರಡು ಸಿರಿಂಜ್ ಜೆಲ್, ಎರಡು ವರ್ಷದ ಮೇಲೆ ಮತ್ತೊಂದು ವಯಲ್. ಒಟ್ಟು ಒಂಬತ್ತು ಹತ್ತು ಸಿರಿಂಜಿನ ಖರ್ಚು. ಬರೀ ಜೆಲ್‌ನಲ್ಲೇ ಹೋದರೆ ಮೂರು ವರ್ಷಕ್ಕೆ ಹದಿಮೂರರ ಹತ್ತಿರ ಬರುತ್ತದೆ. ಕಾಲುಭಾಗ ಉಳಿಯುತ್ತದೆ. ಆದರೆ ಹೆಚ್ಚಿನ ಖರ್ಚು ಮೊದಲ ಆರು ತಿಂಗಳಲ್ಲೇ ಬೀಳುವುದರಿಂದ ದುಬಾರಿ ಅನ್ನಿಸುತ್ತದೆ. ಸಿರಿಂಜಿಗಿಷ್ಟು, ವಯಲ್‌ಗಿಷ್ಟು ಎಂಬ ಬಿಲ್ ನಿಲ್ಲಿಸಿ ಇಡೀ ಮುಖದ ಚಿಕಿತ್ಸೆಗೆ ಒಂದೇ ಮೊತ್ತ ಮಾಡಿ ಕಂತು ಕೊಟ್ಟೆ. ಅಂದಿನಿಂದ ಅರ್ಧಕ್ಕೆ ಬಿಟ್ಟುಹೋಗುವವರು ಬೆರಳೆಣಿಕೆಯಷ್ಟು. ಹೆಚ್ಚು ಚುಚ್ಚಿದರೆ ಹೆಚ್ಚು ಹಣ ಎಂಬ ಆಸೆಯೂ ನಮ್ಮ ಕಡೆಯಿಂದ ಹೋಗುತ್ತದೆ. ಈ ಒಂದು ವಿಷಯದಲ್ಲಿ ನಾನು ಮಾಡಿದ್ದು ಸರಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಹಾಗೆಂದು ಜೆಲ್ ಅನ್ನು ಬಿಟ್ಟಿಲ್ಲ. ಕೊನೆಯಲ್ಲಿ ಕೆನ್ನೆಮೂಳೆಯ ತುದಿಗೆ, ಗದ್ದಕ್ಕೆ, ಗಟ್ಟಿ ಜೆಲ್ ಸ್ವಲ್ಪ, ಮೂಳೆಯ ಮೇಲೆ. ಕಣ್ಣಡಿಗೆ ಬೇಕೇ ಬೇಕಾದರೆ ತೆಳು ಜೆಲ್, ಹನಿಯಷ್ಟು. ಮೇಲುಪದರಕ್ಕೆ ಬಿದ್ದರೆ ನೀಲಿ ಛಾಯೆ ಕಾಣುತ್ತದೆ. ಜೆಲ್‌ಗೆ ಇರುವ ದೊಡ್ಡ ಗುಣ ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು ಎಂಬುದು. ಲ್ಯಾಕ್ಟಿಕ್ ಆಸಿಡ್‌ಗೆ, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬ ಇನ್ನೊಂದು ಫಿಲ್ಲರ್‌ಗೆ ಅಂಥ ಮದ್ದಿಲ್ಲ. ಆದ್ದರಿಂದಲೇ ಹುಬ್ಬುಗಳ ನಡುವೆ ಮತ್ತು ಮೂಗಿಗೆ ನಾನು ಯಾವುದನ್ನೂ ಹಾಕುವುದಿಲ್ಲ. ಫಿಲ್ಲರ್ ರಕ್ತನಾಳಕ್ಕೆ ಸೇರಿ ದೃಷ್ಟಿ ಹೋದ 98 ಪ್ರಕರಣಗಳನ್ನು 2015ರಲ್ಲಿ ಒಟ್ಟುಗೂಡಿಸಿದಾಗ ಮುಂಚೂಣಿಯಲ್ಲಿದ್ದವು ಈ ಎರಡು ಜಾಗಗಳೇ. ಸಿರಿಂಜ್ ಹಿಂದಕ್ಕೆ ಎಳೆದಾಗ ರಕ್ತ ಬರಲಿಲ್ಲ ಎಂಬುದನ್ನು ನಂಬಿ ಒತ್ತಬೇಡಿ. ನಿಧಾನ ಒತ್ತಿ, ಸ್ವಲ್ಪ ಸ್ವಲ್ಪ ಹಾಕಿ, ಚರ್ಮದ ಬಣ್ಣ ನೋಡುತ್ತಿರಿ. ಹಯಲುರಾನಿಡೇಸ್ ಕೋಣೆಯಲ್ಲೇ ಇರಲಿ, ಬೀರುವಿನ ಬೀಗದೊಳಗೆ ಬೇಡ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಕ್ಯಾಲ್ಸಿಯಂ ಜೆಲ್‌ಗೆ ಎರಡು ಪಾಲು ದ್ರವ ಬೆರೆಸಿ ತೆಳುಮಾಡಿ ದವಡೆಯಂಚಿಗೆ ಹಾಕಿದರೆ ಚರ್ಮ ಬಿಗಿಯುತ್ತದೆ, ಅಲ್ಲಿಗೆ ಅದು ಲ್ಯಾಕ್ಟಿಕ್‌ಗಿಂತ ಮೇಲು. ರಕ್ತದ ಪ್ಲೇಟ್‌ಲೆಟ್ ಜೆಲ್ ಕಣ್ಣಡಿಯ ಚರ್ಮಕ್ಕೆ ಕಳೆ ತಂದಿತು, ಗುಳಿ ಮಾತ್ರ ತುಂಬಲಿಲ್ಲ. ಶಾಖದಿಂದ ಚರ್ಮ ಬಿಗಿಸುವ ಅಲ್ಟ್ರಾಸೌಂಡ್, ರೇಡಿಯೋ ಫ್ರೀಕ್ವೆನ್ಸಿ ಯಂತ್ರಗಳನ್ನು ತೆಳ್ಳನೆಯ ಮುಖಕ್ಕೆ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಶಾಖ ಕೊಬ್ಬಿಗೂ ತಗುಲಿದರೆ ಇದ್ದ ಅಷ್ಟಿಷ್ಟು ತುಂಬಿಕೆಯೂ ಹೋಗುತ್ತದೆ. ಯಂತ್ರಕ್ಕೆ ಹಾಕಿದ ಹಣ ಇನ್ನೂ ಹುಟ್ಟಿಲ್ಲ, ಹುಟ್ಟದಿದ್ದರೂ ಸರಿ. ಮುಖದ ವ್ಯಾಯಾಮವನ್ನು ನಗೆಯಾಡುವವರು 2018ರ ಅಮೆರಿಕದ ಅಧ್ಯಯನ ಓದಬೇಕು: ನಡುವಯಸ್ಸಿನ ಹೆಂಗಸರು ದಿನಕ್ಕೆ ಅರ್ಧ ಗಂಟೆಯಂತೆ ಶುರುಮಾಡಿ 20 ವಾರ ಮಾಡಿದಾಗ ಕೆನ್ನೆ ಸ್ವಲ್ಪ ತುಂಬಿತ್ತು. ಆದರೆ ಕೊನೆವರೆಗೆ ನಿಂತವರು 16 ಮಂದಿ ಮಾತ್ರ. ಖರ್ಚಿಲ್ಲ, ಅಪಾಯವಿಲ್ಲ. ಸೂಜಿಗೆ ಹೆದರುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಯಾರೂ ಹೇಳದ ಇನ್ನೊಂದು ವಿಷಯ ಹಲ್ಲು. ಹಿಂದಿನ ದವಡೆಹಲ್ಲು ಹೋಗಿ ವರ್ಷಗಳಾದವರ ಕೆನ್ನೆ ಒಳಕ್ಕೆ ಎಳೆದುಕೊಂಡಿರುತ್ತದೆ, ತುಟಿ ಮಡಚಿರುತ್ತದೆ. ಅಲ್ಲಿಗೆ ಎಷ್ಟು ವಯಲ್ ಸುರಿದರೂ ವ್ಯರ್ಥ. ಈಗ ಬಾಯಿ ತೆಗೆಸಿ ನೋಡದೆ ಸೂಜಿ ಮುಟ್ಟುವುದಿಲ್ಲ. ಸರಿಯಾದ ಕಟ್ಟುಹಲ್ಲು ಹಾಕಿಸಿಕೊಂಡು ಬಂದವರಲ್ಲಿ ಕೆಲವರಿಗೆ ಕೆಳಮುಖಕ್ಕೆ ನನ್ನ ಕೆಲಸವೇ ಉಳಿದಿರಲಿಲ್ಲ. ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುವವರೂ ಈಚೆಗೆ ಹೆಚ್ಚಾಗಿದ್ದಾರೆ. ಅವರ ತೂಕ ಒಂದು ಕಡೆ ನಿಂತು ಮೂರು ತಿಂಗಳಾಗುವವರೆಗೆ ನಾನು ಶುರುಮಾಡುವುದಿಲ್ಲ, ಇಂದು ಅಳೆದ ಗುಳಿ ನಾಳೆಗೆ ಇನ್ನೂ ಆಳವಾಗಿರುತ್ತದೆ. ಬಸುರಿ, ಬಾಣಂತಿಯರಿಗೆ ಬೇಡ. ಆಟೋಇಮ್ಯೂನ್ (ಮೈಯ ರಕ್ಷಣಾ ವ್ಯವಸ್ಥೆ ಮೈಯ ಮೇಲೆಯೇ ತಿರುಗುವ) ರೋಗ ಕೆರಳಿರುವವರಿಗೆ, ಕೀಲಾಯ್ಡ್ (ಗಾಯದ ಕಲೆ ಉಬ್ಬಿ ಬೆಳೆಯುವುದು) ಆಗುವ ಮೈಯವರಿಗೆ ಬೇಡ. ಮದುವೆಗೆ ಮೂರು ವಾರ ಇದೆ ಎಂದು ಬರುವವರಿಗೂ ಬೇಡ.

ಈಗ ನಾನು ನೋಡುತ್ತಿರುವುದು ಎರಡನೇ ಸುತ್ತಿನವರನ್ನು. ಎರಡು ಎರಡೂವರೆ ವರ್ಷಕ್ಕೆ ಅರ್ಧ ವಯಲ್ ಸಾಕೇ, ಒಂದು ಪೂರ್ತಿ ಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೆಲವರಿಗೆ ಎಡಬಲ ಪ್ರಮಾಣ ಬೇರೆ ಮಾಡಿ ಹಾಕಿದ್ದೇನೆ, ಅವರ ಒಪ್ಪಿಗೆಯ ಮೇಲೆ. ಆರು ತಿಂಗಳ ಫೋಟೋ ಬರಬೇಕು.