ಎಳೆದುಕೊಂಡರೆ ಏನೂ ಅನ್ನಿಸದ ಇನ್‌ಹೇಲರ್

ನನ್ನ ಉಬ್ಬಸಕ್ಕೆ ವೈದ್ಯರು ಕೊಟ್ಟದ್ದು ಎರಡು ಇನ್‌ಹೇಲರ್. ನನಗೆ ನಂಬಿಕೆ ಇದ್ದದ್ದು ನೀಲಿ ಇನ್‌ಹೇಲರ್ ಮೇಲೆ. ಅದರಲ್ಲಿರುವುದು ಸಾಲ್ಬುಟಮಾಲ್. ಎಳೆದುಕೊಂಡ ಐದು ನಿಮಿಷಕ್ಕೆ ಎದೆಯ ಬಿಗಿ ಸಡಿಲವಾಗುತ್ತದೆ, ಗುಯ್‌ಗುಡುವುದು ನಿಲ್ಲುತ್ತದೆ. ಬೆಳಿಗ್ಗೆ, ಸಂಜೆ ತಪ್ಪದೆ ತೆಗೆದುಕೊಳ್ಳಿ ಎಂದು ವೈದ್ಯರು ಕೊಟ್ಟ ಇನ್ನೊಂದು, ಬ್ಯುಡೆಸೊನೈಡ್, ಎಳೆದುಕೊಂಡರೆ ಏನೂ ಅನ್ನಿಸುತ್ತಿರಲಿಲ್ಲ. ಮೇಲಾಗಿ ಅದು ಸ್ಟೀರಾಯ್ಡ್ ಎಂಬ ಹೆದರಿಕೆ ಬೇರೆ. ನಾಲ್ಕು ದಿನ ನೋಡಿ ಬಿಟ್ಟುಬಿಟ್ಟೆ.

ಕೆಲವು ತಿಂಗಳ ನಂತರ ಒಂದು ರಾತ್ರಿ ನೀಲಿ ಇನ್‌ಹೇಲರ್ ಎಷ್ಟು ಎಳೆದರೂ ಉಸಿರು ಹತೋಟಿಗೆ ಬರಲಿಲ್ಲ. ಎರಡು ಮಾತು ಸೇರಿಸಿ ಆಡಲಾಗದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದೆ. ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಾಕಿದರು, 5 ದಿನ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ನನ್ನ ಸ್ಟೀರಾಯ್ಡ್ ಭಯ ಕೇಳಿದ ವೈದ್ಯರು ಚೀಟಿಯ ಹಿಂದೆ ಲೆಕ್ಕ ಹಾಕಿದರು: ಇನ್‌ಹೇಲರ್‌ನಲ್ಲಿ ದಿನಕ್ಕೆ 400 ಮೈಕ್ರೋಗ್ರಾಂ, ಮಾತ್ರೆಯಲ್ಲಿ 40,000. ಎರಡೂ ಬೇರೆ ಔಷಧ, ಬಲವೂ ಬೇರೆ, ಆದ್ದರಿಂದ ಇದು ಬರೀ ತೂಕದ ಲೆಕ್ಕ. ಆದರೆ ಒಂದು ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಇನ್ನೊಂದು ಮೈಯೆಲ್ಲ ಸುತ್ತುತ್ತದೆ. ನನ್ನ ಭಯ ತಪ್ಪು ಕಡೆ ಇತ್ತು. ಬ್ಯುಡೆಸೊನೈಡ್ ಮತ್ತೆ ಶುರುಮಾಡಿದೆ.

ಉಬ್ಬಸದಲ್ಲಿ ಶ್ವಾಸನಾಳದ ಒಳಪದರ ಸದಾ ಊದಿಕೊಂಡಿರುತ್ತದೆ. ಸಾಲ್ಬುಟಮಾಲ್ ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಬ್ಯುಡೆಸೊನೈಡ್. ಅದಕ್ಕೆ ವಾರಗಳೇ ಬೇಕು. ಅದಕ್ಕೇ ನಾಲ್ಕು ದಿನದಲ್ಲಿ ನನಗೆ ಏನೂ ಗೊತ್ತಾಗದೆ ಹೋದದ್ದು.

ನಾನು ಎಳೆದುಕೊಳ್ಳುತ್ತಿದ್ದ ರೀತಿಯೂ ತಪ್ಪಾಗಿತ್ತು. ಒತ್ತುವುದು ಒಂದು ಕ್ಷಣ, ಉಸಿರೆಳೆಯುವುದು ಇನ್ನೊಂದು ಕ್ಷಣ. ಔಷಧವೆಲ್ಲ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತಿತ್ತು. ಇನ್‌ಹೇಲರ್ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ, ಸ್ಪೇಸರ್, ಬಂದ ಮೇಲೆ ಆ ತೊಂದರೆ ಹೋಯಿತು. ಚೆನ್ನಾಗಿ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ಒಂದು ಪಫ್ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದು, ಹತ್ತು ಎಣಿಸುವವರೆಗೆ ಹಿಡಿದಿಡುತ್ತೇನೆ. (ಪುಡಿ ರೂಪದ ಇನ್‌ಹೇಲರ್‌ಗೆ ಇದು ಹೊಂದುವುದಿಲ್ಲ, ಅದನ್ನು ರಭಸದಿಂದ ಎಳೆಯಬೇಕು.) ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು, ಒರೆಸದೆ, ಹಾಗೇ ಆರಲು ಬಿಡುತ್ತೇನೆ. ಬಟ್ಟೆಯಲ್ಲಿ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ.

ಬ್ಯುಡೆಸೊನೈಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದನ್ನು ಸ್ವಲ್ಪ ದಿನ ಕಡೆಗಣಿಸಿದೆ. ದನಿ ಒಡೆಯಿತು, ನಾಲಿಗೆ ಮೇಲೆ ಬಿಳಿ ಮಚ್ಚೆ ಬಂತು, ಅದು ಶಿಲೀಂಧ್ರ ಸೋಂಕು. ಆವತ್ತಿನಿಂದ ಇನ್‌ಹೇಲರನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟೆ. ಮೊದಲು ಪಫ್, ಆಮೇಲೆ ಹಲ್ಲುಜ್ಜುವುದು. ಮರೆವೂ ಹೋಯಿತು, ಮುಕ್ಕಳಿಸುವುದೂ ತಾನಾಗಿ ಆಯಿತು.

ಏನೂ ಅನ್ನಿಸದ ಔಷಧವನ್ನು ನಂಬಲು ನನಗೆ ಅಂಕಿ ಬೇಕಿತ್ತು. ದಿನಾ ಬೆಳಿಗ್ಗೆ ಪೀಕ್ ಫ್ಲೋ ಮೀಟರ್ ಊದಿ ಪುಸ್ತಕದಲ್ಲಿ ಬರೆದಿಟ್ಟೆ. ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಸಾಧನ ಅದು, ಅಂಕಿ ಹೆಚ್ಚಿದಷ್ಟೂ ಒಳ್ಳೆಯದು. ಪಕ್ಕದಲ್ಲಿ ನೀಲಿ ಇನ್‌ಹೇಲರ್ ಎಷ್ಟು ಸಲ ಬೇಕಾಯಿತು ಎಂಬ ಗೀಟು. ಮೊದಲ ವಾರ 310ರ ಆಸುಪಾಸು, 11 ಗೀಟು. ಆರನೇ ವಾರ 420, ಒಂದೇ ಗೀಟು. ರಾತ್ರಿ ಕೆಮ್ಮಿ ಏಳುವುದು ಯಾವತ್ತು ನಿಂತಿತೋ ನನಗೇ ತಿಳಿಯಲಿಲ್ಲ.

ಚೆನ್ನಾಗಿದ್ದೇನಲ್ಲ ಎಂದು ಎರಡನೇ ತಿಂಗಳು ಮತ್ತೆ ಬಿಟ್ಟೆ. ಮೂರೇ ವಾರದಲ್ಲಿ ಅಂಕಿ 350ಕ್ಕೆ ಇಳಿಯಿತು. ಎದೆಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ, ಪುಸ್ತಕಕ್ಕೆ ಗೊತ್ತಾಗಿತ್ತು. ಆ ದಿನವೇ ಮತ್ತೆ ಶುರುಮಾಡಿದೆ. ಮುಂದೆ ಮೂರು ತಿಂಗಳು ಅಂಕಿ ಅಲ್ಲಾಡದೆ ನಿಂತ ಮೇಲೆ ವೈದ್ಯರೇ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು.

ನೀಲಿ ಇನ್‌ಹೇಲರ್ ಈಗಲೂ ಚೀಲದಲ್ಲಿರುತ್ತದೆ. ಬಹಳ ದಿನ ಬಳಸದಿದ್ದರೆ ಮೊದಲು ಒಂದೆರಡು ಪಫ್ ಗಾಳಿಗೆ ಬಿಟ್ಟು ನೋಡಬೇಕು ಎಂದು ಅದರ ಜೊತೆಗಿನ ಚೀಟಿಯಲ್ಲಿತ್ತು. ಮೊನ್ನೆ ಮೊದಲ ಸಲ ಹಾಗೆ ಬಿಟ್ಟು ನೋಡಿದೆ.