ಟಾಸ್ಕ್ ಕೆಲಸದ ಮೋಸ ತಡೆಯಲು ನನಗೆ ಒದಗಿದ್ದು ಎರಡು ಕಾಲಮ್ಮಿನ ಒಂದು ಪುಸ್ತಕ

ಅರಸೀಕೆರೆ ಸೀಮೆಯಲ್ಲಿ ನಾನು ಸೇವಾ ಕೇಂದ್ರ ನಡೆಸುತ್ತೇನೆ. ಚಿಕ್ಕಪುಟ್ಟ ಕೆಲಸಕ್ಕೆ ದುಡ್ಡು ಕೊಡುವೆವೆಂದು ನಂಬಿಸಿ ಆಮೇಲೆ ಹಣ ಕಟ್ಟಿಸಿಕೊಳ್ಳುವ ಟೆಲಿಗ್ರಾಂ ಟಾಸ್ಕ್‌ಗೆ ಹಣ ಹಾಕಿಸಲು ಬರುವವರನ್ನು ತಡೆಯುವುದು ಆಗದ ಕೆಲಸವೆಂದು ನಮ್ಮ ಹೋಬಳಿಯ ಇತರ ಕೇಂದ್ರದವರು ಹೇಳುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ವಿಡಿಯೊಗೆ ಲೈಕ್ ಒತ್ತಿದ್ದಕ್ಕೋ, ಕಾಣದ ಊರಿನ ಹೋಟೆಲಿಗೆ ಐದು ಸ್ಟಾರ್ ಕೊಟ್ಟಿದ್ದಕ್ಕೋ ನೂರೈವತ್ತು ರೂಪಾಯಿ ಖಾತೆಗೆ ನಿಜವಾಗಿಯೂ ಬಂದಿರುವಾಗ, ಹಾಗೆ ಮೂಗಿಗೆ ತುಪ್ಪ ಸವರಿಸಿಕೊಂಡವರು ನಮ್ಮ ಮಾತು ನಂಬುವುದು ಕಷ್ಟ.

ಮೊದಲು ಮಾಡಿದ್ದೊಂದೂ ಫಲಿಸಲಿಲ್ಲ. ಸುಮಾರು ಎರಡು ಸಾವಿರ ಖರ್ಚು ಮಾಡಿ ಫ್ಲೆಕ್ಸ್ ಹಾಕಿಸಿದೆ. ಅದರ ಕೆಳಗೇ ನಿಂತು ಪದವೀಧರ ಹುಡುಗನೊಬ್ಬ ಮೊದಲು ತಾನೇ ದುಡ್ಡು ಕಟ್ಟಿ ಮಾಡುವ ‘ಪ್ರೀಪೇಯ್ಡ್ ಟಾಸ್ಕ್’ಗೆ ಐದು ಸಾವಿರ ಕಳುಹಿಸಲು ಹೇಳಿದ. ಇದು ಮೋಸವೆಂದು ನೇರವಾಗಿ ಹೇಳಿದರೆ ಗಿರಾಕಿ ಮುಖ ಗಂಟಿಕ್ಕಿಕೊಂಡು ಬೇರೆಡೆ ಹೋಗಿ ಹಣ ಕಳುಹಿಸುತ್ತಿದ್ದರು. ಅವರ ದುಡ್ಡೂ ಉಳಿಯಲಿಲ್ಲ, ನನ್ನ ಕಮಿಷನ್ನೂ ಹೋಯಿತು. ಆದ್ದರಿಂದ ವಾದಿಸುವುದನ್ನು ಬಿಟ್ಟು, ಒಂದು ಉದ್ದನೆಯ ಪುಸ್ತಕ ತಂದಿಟ್ಟು, ಅವರ ಕೈಯಿಂದಲೇ ಬರೆಸಲು ಆರಂಭಿಸಿದೆ.

ಎಡಗಡೆ ಅವರು ನಂಬಿರುವ ಕಂಪನಿಯ ಹೆಸರು. ಬಲಗಡೆ ಪ್ರತಿ ಪಾವತಿಯಲ್ಲಿ ಯುಪಿಐ ತೋರಿಸಿದ ಪಡೆದವರ ಹೆಸರು, ಮೊತ್ತ, ಸಮಯ ಮತ್ತು ಆ ಪಾವತಿಯನ್ನು ಗುರುತಿಸುವ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆ. ಮನೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬರು ಸಾವಿರ, ಐದು ಸಾವಿರ, ನಂತರ ಹದಿನೆಂಟು ಸಾವಿರದಷ್ಟು ಕಟ್ಟಿದ್ದರು. ಟಾಸ್ಕ್ ಗುಂಪಿನವರ ಆ್ಯಪಿನಲ್ಲಿ ಆಕೆಗೆ ಬರಬೇಕಾದ ಬಾಕಿ ಐವತ್ತು ಸಾವಿರಕ್ಕೂ ಮಿಕ್ಕಿ ಕಾಣುತ್ತಿತ್ತು, ಅದನ್ನು ಪಡೆಯಲು ಆ ಆ್ಯಪಿನದೇ ‘ಕ್ರೆಡಿಟ್ ಸ್ಕೋರ್’ ಸರಿಪಡಿಸಲೆಂದು ಇನ್ನೂ ಮೂವತ್ತು ಸಾವಿರ ಕಟ್ಟಬೇಕಿತ್ತು. ಎಡಗಡೆ ಒಂದೇ ಕಂಪನಿಯ ಹೆಸರು ಮೂರು ಸಲ ಬಂತು. ಬಲಗಡೆ ಮೊದಲು ಯಾರೋ ವ್ಯಕ್ತಿ, ಆಮೇಲೆ ಒಂದು ತರಕಾರಿ ಟ್ರೇಡರ್ಸ್, ಕೊನೆಗೆ ಒಂದು ಮೊಬೈಲ್ ಅಂಗಡಿ. ಆಕೆ ಪೆನ್ನು ಕೆಳಗಿಟ್ಟು, “ಇವರ್ಯಾರೂ ಕಂಪನಿಯವರಲ್ಲವಲ್ಲ ಅಣ್ಣ” ಎಂದರು. ನಾನು ಅಲ್ಲಿಯವರೆಗೆ ಮೋಸ ಎಂಬ ಮಾತನ್ನೇ ಎತ್ತಿರಲಿಲ್ಲ.

ಅನುಮಾನ ಉಳಿದವರಿಗೆ ಎರಡನೆಯ ಪರೀಕ್ಷೆಯಿದೆ. “ಕಟ್ಟಬೇಕಾದುದನ್ನು ನನ್ನ ಬಾಕಿಯಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕಳುಹಿಸಿ” ಎಂದು ಗುಂಪಿನಲ್ಲಿ ಟಾಸ್ಕ್ ಹಂಚುವ ‘ಮೆಂಟರ್’ಗೆ ಅವರಿಂದಲೇ ಸಂದೇಶ ಹಾಕಿಸುತ್ತೇನೆ. ನಾನು ಕಂಡಷ್ಟು ಪ್ರಕರಣಗಳಲ್ಲಿ ಒಬ್ಬ ಮೆಂಟರ್ ಕೂಡ ಇದಕ್ಕೆ ಒಪ್ಪಿಲ್ಲ; ಬಾಕಿ ಎಂಬುದು ಪರದೆಯ ಮೇಲಿನ ಅಂಕಿ ಮಾತ್ರವಾಗಿರುವಾಗ ಅದರಿಂದ ಹಿಡಿದುಕೊಳ್ಳಲು ಏನಿರುತ್ತದೆ?

ಪುಸ್ತಕದ ಇನ್ನೊಂದು ಉಪಯೋಗ ನಾನು ಎಣಿಸಿದ್ದಕ್ಕಿಂತ ದೊಡ್ಡದಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ ಕೇಳುವುದು ಹೆಚ್ಚುಕಡಿಮೆ ಇದೇ ವಿವರಗಳನ್ನು. ಬಟ್ಟೆ ಹೊಲಿಯುವ ಆ ಹೆಣ್ಣುಮಗಳು ಅಲ್ಲೇ ಕುಳಿತು ಪುಟ ನೋಡಿಕೊಂಡು ಓದಿ ಹೇಳಿದ್ದರಿಂದ, ಕೊನೆಯ ಕಂತಿನಲ್ಲಿ ಒಂಬತ್ತು ಸಾವಿರದಷ್ಟು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲ್ಪಟ್ಟಿತು. ಅದು ನ್ಯಾಯಾಲಯದ ಆದೇಶದ ಮೂಲಕ ಕೈಸೇರಲು ತಿಂಗಳುಗಳೇ ಹಿಡಿದವು. ಆದರೂ ಬಂತು, ಆಮೇಲೆ ಪಕ್ಕದ ಎರಡು ಕೇಂದ್ರದವರು ಬಂದು ನನ್ನ ಪುಟದ ಫೋಟೊ ತೆಗೆದುಕೊಂಡು ಹೋದರು.

ನಡುವೆ, ಬಳಸದ ಸಿಮ್ಮೊಂದರಿಂದ ಅಂಥ ಒಂದು ಗುಂಪಿಗೆ ನಾನೂ ಸೇರಿ ನೋಡಿದೆ. ಲಾಭದ ಸ್ಕ್ರೀನ್‌ಶಾಟ್ ಹಾಕಿ ಧನ್ಯವಾದ ಹೇಳುವ ‘ಸದಸ್ಯರು’ ಅವರದೇ ಜನ. ಅವರನ್ನು ಗುರುತಿಸುವ ಒಂದು ಉಪಾಯ ನನಗೆ ಸಿಕ್ಕಿದೆ; ವಂಚಕರೂ ಓದಬಹುದಾದ್ದರಿಂದ ಇಲ್ಲಿ ಬರೆಯುವುದಿಲ್ಲ, ಕೇಂದ್ರದವರು ಎದುರು ಸಿಕ್ಕಾಗ ಹೇಳುತ್ತೇನೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನ ಶಂಕಿತರ ಹುಡುಕಾಟವನ್ನೂ ಬಳಸಿ ನೋಡಿದೆ. ಹಣ ಪಡೆದ ಖಾತೆ ಅಲ್ಲಿ ಸಿಕ್ಕರೆ ಗಿರಾಕಿ ಕೂಡಲೇ ಒಪ್ಪುತ್ತಾರೆ, ಆದರೆ ವಂಚಕರು ಬೇರೆಯವರಿಂದ ಪಡೆದು ಬಳಸುವ ಬಾಡಿಗೆ ಖಾತೆಗಳು ಬದಲಾಗುತ್ತಲೇ ಇರುವುದರಿಂದ ಖಾತೆ ಅಲ್ಲಿ ಸಿಗದಿರುವುದು ಭರವಸೆಯಲ್ಲ.

ಇನ್ನೂ ಏನೂ ಕಟ್ಟದೆ ಬರೀ ನೂರೈವತ್ತು ಪಡೆದವರನ್ನೂ ಸುಮ್ಮನೆ ಕಳುಹಿಸಬೇಡಿ. ಆ ಹಣ ಹಲವು ಸಲ ಇನ್ನೊಬ್ಬ ಮೋಸಹೋದವರದೇ ಆಗಿರುತ್ತದೆ, ಅವರು ದೂರು ಕೊಟ್ಟಾಗ ಇವರ ಖಾತೆಗೂ ತಡೆ ಬೀಳಬಹುದು. ಅದಕ್ಕೆ ಅವರದೂ ಒಂದು ಪುಟ ಬರೆಸಿಡಿ. ಗುಂಪಿನಿಂದ ಹೊರಬರುವ ಮೊದಲು ಪೂರ್ತಿ ಸಂಭಾಷಣೆಯ ಸ್ಕ್ರೀನ್‌ಶಾಟ್ ತೆಗೆಸಿ, ಏಕೆಂದರೆ ಟೆಲಿಗ್ರಾಂನಲ್ಲಿ ಎದುರಿನವರು ಇಬ್ಬರ ಫೋನಿನಲ್ಲಿಯೂ ಅದನ್ನು ಅಳಿಸಿಹಾಕಬಲ್ಲರು.